ಐದನೆಯ ಖಾನೆ

ಚನ್ನಗಿರಿ
12-7-1981, ಭಾನುವಾರ

ಪ್ರೀತಿಯ ವನೂ,

ಮದುವೆಯಾಗಿ ಏಳು ವಾರ ಕಳೆದ ಮೇಲೆ ಇವಳಿಗೆ ನನ್ನ ನೆನಪಾಯಿತು ಎಂದು ನೀನು ಜಗಳೂರಿನಲ್ಲಿ ಕೂತು ಹಲ್ಲು ಕಡಿಯುತ್ತಿರುತ್ತೀಯ. ಕಡಿಯಬೇಡ ಮಾರಾಯ್ತಿ. ಹಲ್ಲು ಕಡಿದರೆ ಏನೇನಾಗುತ್ತದೆ ಎಂದು ಈಗ ನನಗೆ ಚೆನ್ನಾಗಿ ಗೊತ್ತು, ದಂತವೈದ್ಯರ ಹೆಂಡತಿ ಅಲ್ಲವೇ. ಹೋಗಲಿ, ತಪ್ಪಾಯಿತು. ಹೊಸ ಮನೆ, ಹೊಸ ಅತ್ತೆ, ಹೊಸ ಗಂಡ, ಎಲ್ಲವನ್ನೂ ಒಟ್ಟಿಗೆ ಕಲಿಯಬೇಕಾಗಿ ಬಂದು ಪೆನ್ನು ಹಿಡಿಯಲು ಪುರುಸೊತ್ತೇ ಆಗಲಿಲ್ಲ.

ಪತ್ರ ಕನ್ನಡದಲ್ಲಿದೆ ಎಂದು ಗಾಬರಿಯಾಗಬೇಡ. ಹಾಸ್ಟೆಲಿನಲ್ಲಿ ನಾವಿಬ್ಬರೂ ಜಗಳವನ್ನೂ ಇಂಗ್ಲಿಷಿನಲ್ಲೇ ಆಡುತ್ತಿದ್ದೆವು. ಇಲ್ಲಿಗೆ ಬಂದ ಮೊದಲ ವಾರ ನಾನು ಬರೆದ ದಿನಸಿ ಚೀಟಿ ನೋಡಿ ನಮ್ಮತ್ತೆ ಸಿದ್ದಲಿಂಗಮ್ಮನವರು, "ಇದೇನವ್ವ ಇಂದೂ, ಕೋಳಿ ಕಾಲಾಗೆ ಕೆದರಿದಂಗೆ ಐತೆ. ಕಾನ್ವೆಂಟ್‌ನ್ಯಾಗೆ ಕನ್ನಡ ಬರಿಯಾಕೆ ಬಿಡ್ತಿರಲಿಲ್ಲೇನು?" ಎಂದರು. ಅಂದಿನಿಂದ ಹಟ. ನೀನೇ ನನ್ನ ಕಾಪಿ ಪುಸ್ತಕ.

ನಮ್ಮ ಡಾಕ್ಟರು ಹೇಗೆ ಎಂದು ಧಾರೆಯ ದಿನವೇ ಕಿವಿಯಲ್ಲಿ ಕೇಳಿದ್ದೆಯಲ್ಲ, ಈಗ ಉತ್ತರ ಕೊಡುತ್ತೇನೆ. ತುಂಬ ಒಳ್ಳೆಯವರು, ವನೂ. ತುಂಬ ಅಂದರೆ ತುಂಬ. ಮಾತು ಮಾತ್ರ ಕಡಿಮೆ. ನನ್ನದು ಹತ್ತು ಮಾತಾದರೆ ಅವರದು ಒಂದು, ಅದೂ "ಸ್ವಲ್ಪ ಆ ಅನ್ನು." ಪ್ರತಿ ಭಾನುವಾರ ಬೆಳಿಗ್ಗೆ ನನ್ನನ್ನು ಬೆಳಕಿಗೆ ಕೂರಿಸಿ ವಸಡು ಅಳೆಯುತ್ತಾರೆ. ಗೀಟು ಹಾಕಿದ ಒಂದು ಸಣ್ಣ ಕಡ್ಡಿ ಇದೆ, ಅದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸಿ ಎಷ್ಟು ಮಿಲಿಮೀಟರು ಹೋಯಿತು ಎಂದು ಓದುವುದು. ಎರಡು, ಮೂರು ಇದ್ದರೆ ಆರೋಗ್ಯ. ನಾಲ್ಕು ದಾಟಿದರೆ ಒಳಗೆ ಏನೋ ನಡೆಯುತ್ತಿದೆ ಎಂದರ್ಥ. ನನ್ನದು ಎಲ್ಲ ಕಡೆ ಎರಡು. "ನಿನ್ನ ಬಾಯಾಗೆ ದೋಷ ಅಂದ್ರೆ ಮಾತು ಒಂದೇ" ಎಂದು ಮೊನ್ನೆ ನಕ್ಕರು. ಇದೇ ನಮ್ಮ ಪ್ರೇಮಸಲ್ಲಾಪ.

ಹನಿಮೂನು ಎಲ್ಲಿ ಎಂದು ಕೇಳಬೇಡ. ಬಸ್ಸಿನಲ್ಲಿ. ಮಂಗಳವಾರ ಹೊನ್ನಾಳಿ, ಗುರುವಾರ ನ್ಯಾಮತಿ, ತಿಂಗಳ ಕೊನೆಯ ಸೋಮವಾರ ನಿಮ್ಮ ಜಗಳೂರು (ಅಷ್ಟು ದೂರ ಅವರೊಬ್ಬರೇ, ನನ್ನನ್ನು ಕರೆದೊಯ್ಯುವುದಿಲ್ಲ), ಉಳಿದ ದಿನ ಇಲ್ಲೇ ಮನೆಯ ಮುಂದಿನ ಕೋಣೆ. ಒಂದು ಟ್ರಂಕು, ಒಂದು ಮಡಚುವ ಕುರ್ಚಿ, ಸ್ಪಿರಿಟ್ ದೀಪ, ಮತ್ತು ನಾನು. ಅವರು ಕಡ್ಡಿ ಇಳಿಸಿ ಅಂಕಿ ಹೇಳುತ್ತಾರೆ, ನಾನು ಚೀಟಿಯಲ್ಲಿ ಬರೆಯುತ್ತೇನೆ. ಹೊನ್ನಾಳಿಯ ಓಬಳಪ್ಪ ಎಂಬ ಮುದುಕ, "ಏನ್ ಡಾಕ್ಟ್ರೇ, ನನ್ನ ಹಲ್ಲನ್ನ ಅಡಿಕೆ ಎಣಿಸಿದಂಗೆ ಎಣಿಸ್ತೀರಿ? ಹಲ್ಲು ಗಟ್ಟಿ ಐತ್ರಿ, ಒಸಡೇ ಯಾಕೋ ಮನಿ ಬಿಟ್ಟು ಹೊಂಟೈತೆ" ಎಂದ. ಅವನದು ಏಳು, ಎಂಟು, ಏಳು.

ಈ ಚೀಟಿಗಳಿಗೆ ಐದು ಖಾನೆಯ ಮರದ ಪೆಟ್ಟಿಗೆ ಇದೆ. ಮೊದಲನೆಯದು ಕೊಳೆಯಿಂದ ಊದಿದ ವಸಡು, ಉಜ್ಜಿ ತೊಳೆದರೆ ಇಳಿಯುವಂಥದು. ಎರಡನೆಯದು ಒಳಗಿನ ಎಲುಬು ಸವೆದದ್ದು, ಓಬಳಪ್ಪನಂಥವರು. ಮೂರನೆಯದು ಬಸುರಿಯರ ವಸಡು, ಆ ತಿಂಗಳುಗಳಲ್ಲಿ ಊದಿ ರಕ್ತ ಬಂದು ಹೆರಿಗೆಯಾದ ಮೇಲೆ ತಾನೇ ಸರಿಹೋಗುತ್ತದಂತೆ. (ನಗಬೇಡ, ಇನ್ನೂ ಇಲ್ಲ.) ನಾಲ್ಕನೆಯದು ಯಾವುದಾದರೂ ಮಾತ್ರೆಯಿಂದ ಬೆಳೆದ ವಸಡು. ಐದನೆಯದು, ಯಾವುದಕ್ಕೂ ಸೇರದ್ದು, ಗೊತ್ತಾಗದ್ದು. ತಿಂಗಳ ಕೊನೆಯ ದಿನ ಈ ಐದನೆಯ ಖಾನೆಯನ್ನು ಮೇಜಿನ ಮೇಲೆ ಸುರಿದುಕೊಂಡು ಒಂದೊಂದೇ ಚೀಟಿ ಓದುತ್ತಾರೆ. ಏನೇ ಕೆಲಸವಿರಲಿ, ಆ ದಿನ ತಪ್ಪಿಸುವುದಿಲ್ಲ. "ನೋವಾದ್ರೆ ಜನ ತಾವೇ ಬರ್ತಾರೆ, ಇಂದು. ನೋವಿಲ್ಲದೆ ಹಾಳಾಗೋದೇ ಹೆಚ್ಚು. ಅದನ್ನ ನಾವೇ ಹುಡುಕಬೇಕು" ಎನ್ನುತ್ತಾರೆ.

ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತೇನೆ. ಲವಂಗದೆಣ್ಣೆಯ ವಾಸನೆ ಬಂದರೆ ಅದು ಟ್ರಂಕಿನದು, ನನ್ನದಲ್ಲ.

ನಿನ್ನ,
ಇಂದು

&nbsp;

ಚನ್ನಗಿರಿ
20-9-1981, ಭಾನುವಾರ

ಪ್ರೀತಿಯ ವನೂ,

ನೀನು ಕಳಿಸಿದ ಚಕ್ಕುಲಿ ಡಾಕ್ಟರ ಟ್ರಂಕಿನಲ್ಲಿ ಬಂದು ಅರ್ಧ ಚಕ್ಕುಲಿ, ಅರ್ಧ ಲವಂಗವಾಗಿತ್ತು. ಆದರೂ ಎಲ್ಲವನ್ನೂ ತಿಂದೆವು. ಉತ್ತರ ತಡವಾಗಿದ್ದಕ್ಕೆ ಗೌರಿ ಹಬ್ಬವನ್ನು ಬೈದುಕೋ, ನನ್ನನ್ನಲ್ಲ.

ಇವತ್ತು ನಾನು ಬರೆಯುವುದನ್ನು ನೀನು ಯಾರಿಗೂ ಹೇಳಬಾರದು. ರೋಗಿಯ ವಿಷಯ ಮನೆಯ ಗೋಡೆಗೂ ಹೇಳಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ನೀನು ಗೋಡೆಯಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ನ್ಯಾಮತಿಯಲ್ಲಿ ತಿಪ್ಪೇಶಪ್ಪನವರ ಔಷಧಿ ಅಂಗಡಿಯ ಹಿಂದಿನ ಕೋಣೆ ನಮ್ಮ ಆಸ್ಪತ್ರೆ. ಮೊನ್ನೆ ಗುರುವಾರ ಅಲ್ಲಿಗೆ ಒಬ್ಬ ಹುಡುಗಿ ಬಂದಳು. ಹುಲಿಗೆಮ್ಮ ಎಂದು ಹೆಸರು, ಹತ್ತೊಂಬತ್ತು ವರ್ಷ, ಉದ್ದ ಜಡೆ. ಸೆರಗಿನ ತುದಿ ಬಾಯಿಗೆ ಅಡ್ಡ. ಜೊತೆಗೆ ತಾಯಿ ಗಾದ್ರಮ್ಮ, ತಂದೆ ಧರ್ಮಪ್ಪ. ಸೆರಗು ತೆಗೆಸಿ ನೋಡಿದರೆ, ವನೂ, ವಸಡು ಬೆಳೆದು ಹಲ್ಲಿನ ಮುಕ್ಕಾಲು ಭಾಗ ಮುಚ್ಚಿಬಿಟ್ಟಿದೆ. ಮುಂದಿನ ಹಲ್ಲುಗಳ ತುದಿ ಮಾತ್ರ ಅಕ್ಕಿ ಕಾಳಿನಂತೆ ಕಾಣುತ್ತವೆ.

"ಹೊನ್ನಾಳಿಯಿಂದ ಗಂಡಿನ ಕಡೆಯೋರು ನೋಡಾಕೆ ಬಂದಿದ್ರಿ. ಇವಳು ನಗಲೇ ಇಲ್ಲ. ಗಂಡಿನ ತಾಯಿ, ಏನವ್ವ, ಹಲ್ಲು ಪೆಟ್ಟಿಗ್ಯಾಗೆ ಇಟ್ಟು ಬಂದು ಕುಂತೀಯೇನು ಅಂದ್ಲು" ಎಂದರು ಗಾದ್ರಮ್ಮ. "ದೀಪಾವಳಿ ಕಳದ ಮ್ಯಾಲೆ ಮತ್ತೆ ಬರ್ತಾರೆ. ಅಷ್ಟರಾಗೆ ಇದನ್ನ ಸರಿ ಮಾಡಿಕೊಡ್ರಿ."

ನಾನು ಆಗಲೇ ಮನಸ್ಸಿನಲ್ಲಿ ಮೊದಲನೆಯ ಖಾನೆಗೆ ಹಾಕಿದ್ದೆ. ಡಾಕ್ಟರು ಬೆರಳಿನಿಂದ ಒತ್ತಿ ನೋಡಿದರು. ರಕ್ತ ಬರಲಿಲ್ಲ. ಕೊಳೆಯಿಂದ ಊದಿದ್ದರೆ ಕೆಂಪಗೆ ಮೆತ್ತಗಿರುತ್ತದೆ, ಮುಟ್ಟಿದರೆ ರಕ್ತ. ಇದು ತಿಳಿಗುಲಾಬಿ, ಗಟ್ಟಿ, ಹಲ್ಲಿಗೊಂದರಂತೆ ಉಂಡೆ ಉಂಡೆ. ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾಳಾ ಎಂದು ಕೇಳಿದರು. "ಇಲ್ರಿ" ಎಂದರು ಗಾದ್ರಮ್ಮ, ಕೇಳಿ ಮುಗಿಯುವ ಮೊದಲೇ. ಡಾಕ್ಟರು ಎದ್ದು ಅಂಗಡಿಯ ಕಡೆಯ ಬಾಗಿಲು ಮುಂದೆ ಮಾಡಿ ಬಂದರು. "ತಾಯಿ, ಈ ಕೋಣೆ ಬಿಟ್ಟು ಮಾತು ಹೊರಗೆ ಹೋಗಾಕಿಲ್ಲ. ಹುಡುಗಿಗೆ ಫಿಟ್ಸ್ ಬರ್ತಾವಾ?"

ಗಾದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಧರ್ಮಪ್ಪ ನೆಲ ನೋಡುತ್ತ ಹೇಳಿದ. ಹನ್ನೆರಡನೆಯ ವರ್ಷಕ್ಕೆ ಶುರುವಾಯಿತಂತೆ. ಶಿವಮೊಗ್ಗದ ಡಾಕ್ಟರ ಮಾತ್ರೆ, ಏಳು ವರ್ಷದಿಂದ ದಿನವೂ. ನಾಲ್ಕು ವರ್ಷದಿಂದ ಒಂದು ಸಲವೂ ಬಂದಿಲ್ಲ. ಗಂಡಿನ ಮನೆಯವರಿಗೆ ಗೊತ್ತಿಲ್ಲ. "ಗೊತ್ತಾದ್ರೆ ಯಾರು ಮಾಡ್ಕೋತಾರೆ ಸ್ವಾಮಿ. ಅದಿರಲಿ, ನಿಮಗೆ ಹೆಂಗೆ ತಿಳೀತು?"

"ಬಾಯಿ ನೋಡಿದ್ರೆ ತಿಳೀತೈತೆ" ಎಂದರು, ಅಷ್ಟೇ. ಹೆಚ್ಚಾದ ವಸಡನ್ನು ಎರಡು ಸಲಕ್ಕೆ ಕತ್ತರಿಸಿ ತೆಗೆಯುತ್ತೇನೆ, ದಿನಕ್ಕೆರಡು ಸಲ ಉಜ್ಜಬೇಕು, ಮಾತ್ರೆ ಒಂದು ಹೊತ್ತೂ ತಪ್ಪಿಸಬಾರದು, ಶಿವಮೊಗ್ಗಕ್ಕೆ ನಾನೇ ಬರೆದು ಕೇಳುತ್ತೇನೆ ಎಂದರು. ಏನು ಕೇಳುತ್ತಾರೆ ಎಂದು ಹೇಳಲಿಲ್ಲ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ನನ್ನ ಕೈಗೆ ಕೊಟ್ಟು, ತಿಪ್ಪೇಶಪ್ಪನವರ ಜೊತೆ ಕಾಫಿಗೆ ಹೋದರು.

ಅವರು ಆಚೆ ಹೋದದ್ದೇ ಗಾದ್ರಮ್ಮ ನನ್ನ ಪಕ್ಕ ಬಂದು ಕೂತರು. "ಅಮ್ಮಾರೆ, ನಿಮಗೆ ಇಂಗ್ಲೀಷ್ ಬರ್ತೈತಲ್ಲ. ಅದ್ರಾಗೆ ಏನು ಬರದಾರೆ, ಸ್ವಲ್ಪ ಓದ್ರಿ. ಕೆಟ್ಟದ್ದೇನ್ರಿ?"

ಆ ಮುಖ ನೋಡಿದ್ದರೆ ನೀನೂ ಓದುತ್ತಿದ್ದೆ. ಕೆಟ್ಟದ್ದಲ್ಲಮ್ಮ, ನಾಲ್ಕನೆಯ ಖಾನೆ, ಇದು ರೋಗವೇ ಅಲ್ಲ, ಮಾತ್ರೆಯಿಂದ ಹೀಗೆ ಬೆಳೆದಿದೆ ಎಂದೆ. ನಂಬಲಿಲ್ಲ. ಟ್ರಂಕಿನಲ್ಲಿದ್ದ ಡಾಕ್ಟರ ದಪ್ಪ ಪುಸ್ತಕ ತೆಗೆದು, ಚಿತ್ರ ತೋರಿಸಿ, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಮಾತ್ರೆ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ವಸಡು ತಾನಾಗಿ ಇಳಿಯುತ್ತದೆ ಎಂಬ ಸಾಲು ಬಂದಾಗ ತಾಯಿ, ಮಗಳು ಇಬ್ಬರೂ ನನ್ನ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಬಸ್ಸಿನ ಹಾರನ್ನು. ಪುಸ್ತಕ ಮುಚ್ಚಿದೆ.

ವನೂ, ಹದಿನಾಲ್ಕು ವರ್ಷ ಕಲಿತ ಇಂಗ್ಲಿಷು ಮೊದಲ ಬಾರಿಗೆ ಇನ್ನೊಬ್ಬರ ಉಪಯೋಗಕ್ಕೆ ಬಂತು. ಬಸ್ಸಿನಲ್ಲಿ ಡಾಕ್ಟರಿಗೆ ಹೇಳಿ ಹೊಗಳಿಸಿಕೊಳ್ಳೋಣ ಎಂದುಕೊಂಡೆ. ಅವರು ನನ್ನ ಹೆಗಲಿಗೆ ತಲೆಯಾನಿಸಿ ನಿದ್ದೆಹೋದರು. ಎಬ್ಬಿಸಲು ಮನಸ್ಸಾಗಲಿಲ್ಲ. ಆಮೇಲೆ ಮರೆತೆ.

ನಿನ್ನ,
ಇಂದು

&nbsp;

ಚನ್ನಗಿರಿ
17-1-1982, ಭಾನುವಾರ

ಪ್ರೀತಿಯ ವನೂ,

ಎಳ್ಳು ಬೆಲ್ಲ ಇದರ ಜೊತೆಗಿದೆ, ತಿಂದು ಒಳ್ಳೆಯ ಮಾತಾಡು. ಮೂರು ಪತ್ರಕ್ಕೆ ಒಂದು ಉತ್ತರ ಎಂದು ದೂರಿದ್ದೀಯ, ಒಪ್ಪಿದೆ. ಆದರೆ ನಾನೀಗ ಬರಿಯ ಹೆಂಡತಿಯಲ್ಲ, ಡಾಕ್ಟರ ಗುಮಾಸ್ತೆ. ಸಂತೇಬೆನ್ನೂರು, ಕೆರೆಬಿಳಚಿ, ಹೊನ್ನಾಳಿ ಎಲ್ಲ ಕಡೆಯಿಂದ ಜನ ಜೋಡಿ ಕಾರ್ಡು ಬರೆಯುತ್ತಾರೆ. ಒಂದರಲ್ಲಿ ಪ್ರಶ್ನೆ, ಅದಕ್ಕೆ ಅಂಟಿದ ಇನ್ನೊಂದು ಉತ್ತರಕ್ಕೆ. ಹಲ್ಲು ಕಿತ್ತ ಮೇಲೆ ಮುದ್ದೆ ಉಣ್ಣಬಹುದೇ, ಬಿಸಿನೀರಿಗೆ ಉಪ್ಪು ಎಷ್ಟು, ಇಂಥವು. ಅವರಿಗೆ ಪುರುಸೊತ್ತಿಲ್ಲ, ಅದಕ್ಕೆ ನಾನೇ ಬರೆದು 'ಡಾಕ್ಟರ ಪರವಾಗಿ' ಎಂದು ರುಜು ಹಾಕುತ್ತೇನೆ. ನಮ್ಮತ್ತೆಗೂ ಈಗ ನನ್ನ ಅಕ್ಷರ ಓದಲು ಬರುತ್ತದೆ. ಈ ವಾರ ನ್ಯಾಮತಿಯಿಂದಲೂ ಒಂದು ಬಂದಿತ್ತು, ಅದಕ್ಕೂ ಬರೆದು ಹಾಕಿದೆ.

ನಮ್ಮ ಹುಲಿಗೆಮ್ಮನ ವಿಷಯ ಕೇಳಿದ್ದೀಯ. ನವೆಂಬರಿನಲ್ಲಿ ಎರಡು ಗುರುವಾರ ವಸಡು ಕತ್ತರಿಸಿದರು. ಸೂಜಿ ಕೊಟ್ಟು, ಸಣ್ಣ ಬಾಗಿದ ಚಾಕುವಿನಿಂದ, ಬಟ್ಟೆಯ ಅಂಚು ಕತ್ತರಿಸಿದಂತೆ. ನಾನು ಬೇಸಿನ್ ಹಿಡಿದು ನಿಂತಿದ್ದೆ, ಕಣ್ಣು ಮುಚ್ಚಿಕೊಂಡು. ಮೇಲೆ ಲವಂಗದೆಣ್ಣೆಯ ಗುಲಾಬಿ ಮುದ್ದೆ ಮೆತ್ತಿ ಕಳಿಸಿದರು. ಎರಡನೆಯ ಸಲದ ಮುದ್ದೆ ತೆಗೆದ ದಿನ ಅವಳ ಕೈಗೆ ಕನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಪಿಸುಮಾತಿನಲ್ಲಿ, "ಅಕ್ಕಾರೆ, ಇವು ನನ್ನವೇ ಏನ್ರಿ?" ಎಂದು ಕೇಳಿದಳು.

ಗಂಡಿನವರು ಒಪ್ಪಿದರು. ಫೆಬ್ರವರಿ ಮೊದಲ ವಾರ ಮದುವೆ. ಅವಳು ನನಗೆಂದು ಪ್ಲಾಸ್ಟಿಕ್ ವೈರಿನ ಕೈಚೀಲ ಹೆಣೆದು ಡಿಸೆಂಬರಿನಲ್ಲಿ ತಂದುಕೊಟ್ಟಿದ್ದಾಳೆ, ನೀಲಿ ಬಿಳಿ ಚೌಕ. ಎಷ್ಟು ಬಿಗಿಯಾದ ಗಂಟುಗಳು ಎಂದರೆ ನೀರು ಹಾಕಿದರೂ ಸೋರಲಿಕ್ಕಿಲ್ಲ.

ಒಂದು ಸಣ್ಣ ವಿಷಯ ಮಾತ್ರ ಮನಸ್ಸಿನಲ್ಲಿ ಚುಚ್ಚುತ್ತಿದೆ. ಡಿಸೆಂಬರಿನಲ್ಲಿ ಮತ್ತೆ ಅಳೆದಾಗ ಎರಡು, ಎರಡು, ಮೂರು, ಎರಡು. ನಾನು ಖುಷಿಯಿಂದ ಬರೆದೆ. ಡಾಕ್ಟರು ಕಡ್ಡಿ ಕೆಳಗಿಟ್ಟು ಸುಮ್ಮನೆ ಅವಳ ಬಾಯಿ ನೋಡುತ್ತ ನಿಂತರು.

"ಮಾತ್ರೆ ತಗೋತಿದೀಯವ್ವ?"

ಹುಲಿಗೆಮ್ಮ ತಾಯಿಯ ಮುಖ ನೋಡಿದಳು. "ಹೂನ್ರಿ, ತಗೋತೀನಿ."

"ಮೊದಲಿನಷ್ಟೇ?"

"ಅಷ್ಟೇ ಐತ್ರಿ" ಎಂದರು ಗಾದ್ರಮ್ಮ, ನನ್ನ ಕಡೆ ನೋಡದೆ.

ಸಂಜೆ ಡಾಕ್ಟರ ಜೊತೆ ಬಸ್ ಹತ್ತಿದೆ. ಸವಳಂಗ ದಾಟಿದ ಮೇಲೆ, "ಇಷ್ಟು ಚೆನ್ನಾಗಿರಬಾರದು, ಇಂದು" ಎಂದರು. ಚೆನ್ನಾಗಿದ್ದರೆ ಸಂತೋಷಪಡುವುದು ಬಿಟ್ಟು ಇದೇನು ಎಂದೆ. "ಮಾತ್ರೆ ತಗೋತಿದ್ರೆ ಇಷ್ಟರಾಗೆ ಮತ್ತೆ ಸ್ವಲ್ಪ ಬೆಳೀಬೇಕಿತ್ತು. ಶಿವಮೊಗ್ಗದೋರೂ ಉತ್ತರ ಬರೀಲಿಲ್ಲ." ಕೇಳಿದಿರಲ್ಲ, ತೆಗೆದುಕೊಳ್ಳುತ್ತೇನೆ ಎಂದಳಲ್ಲ ಎಂದೆ. ಹೂಂ ಎಂದು ಕಿಟಕಿಯಾಚೆ ನೋಡಿದರು. ನಾನು ಆ ಕೈಚೀಲದ ಗಂಟು ಎಣಿಸುತ್ತ ಕೂತೆ.

ಇದರಲ್ಲಿ ಏನೂ ಇಲ್ಲ, ಅಲ್ಲವೇ? ಅವರಿಗೆ ಒಳ್ಳೆಯದನ್ನೂ ಅನುಮಾನಿಸುವ ಅಭ್ಯಾಸ. ಮದುವೆಗೆ ಉಡಲು ನೇರಳೆ ರೇಷ್ಮೆ ತೆಗೆದಿಟ್ಟಿದ್ದೇನೆ. ಹೋಗಿ ಬಂದು ಎಲ್ಲ ಬರೆಯುತ್ತೇನೆ.

ನಿನ್ನ,
ಇಂದು

&nbsp;

ಚನ್ನಗಿರಿ
4-4-1982, ಭಾನುವಾರ

ಪ್ರೀತಿಯ ವನೂ,

ಈ ಪತ್ರ ಅಂಚೆಯಲ್ಲಿ ಬರುತ್ತಿದೆ, ಅವರ ಕೈಯಲ್ಲಿ ಅಲ್ಲ. ಲವಂಗದ ವಾಸನೆ ಇರುವುದಿಲ್ಲ. ಎರಡೂವರೆ ತಿಂಗಳು ನಿನ್ನ ಯಾವ ಪತ್ರಕ್ಕೂ ಉತ್ತರ ಬರೆಯಲಿಲ್ಲ. ನೀನು ಕೋಪಿಸಿಕೊಂಡು ನಿಲ್ಲಿಸಿಬಿಟ್ಟರೆ ಒಳ್ಳೆಯದಿತ್ತು. ನೀನು ನಿಲ್ಲಿಸಲಿಲ್ಲ.

ಮೊದಲು ಒಳ್ಳೆಯ ಸುದ್ದಿ. ಮೂರನೆಯ ತಿಂಗಳು. ಕಳೆದ ತಿಂಗಳು ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ನೀರು ಕೆಂಪಾಯಿತು. ಡಾಕ್ಟರು ಬೆಳಕಿಗೆ ಕೂರಿಸಿ ನೋಡಿದರು. ನಾಲ್ಕು, ಮೂರು, ನಾಲ್ಕು. ಅವರೇ ಚೀಟಿ ಬರೆದು, ನನ್ನ ಹೆಸರು ಹಾಕಿ, ಮೂರನೆಯ ಖಾನೆಯಲ್ಲಿಟ್ಟರು. ಜನವರಿಯ ನಂತರ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಮ್ಮತ್ತೆ ಬೀದಿಯ ಎಲ್ಲ ಮನೆಗೂ ಹೇಳಿ ಬಂದಿದ್ದಾರೆ.

ಹುಲಿಗೆಮ್ಮನ ಮದುವೆಗೆ ನಾವು ಹೋಗಲಿಲ್ಲ. ಮದುವೆ ನಡೆಯಲಿಲ್ಲ. ಹಂದರ ಹಾಕುವ ದಿನ ಬೆಳಿಗ್ಗೆ ಅವಳು ಅಂಗಳದಲ್ಲಿ ಮಾವಿನ ಎಲೆ ಪೋಣಿಸುತ್ತಿದ್ದಳಂತೆ. ಅಲ್ಲೇ ಬಿದ್ದಳು. ಫಿಟ್ಸು ಒಂದು ಬಂದು ನಿಂತಿದ್ದರೆ ಮುಚ್ಚಿಡುತ್ತಿದ್ದರೇನೋ. ನಿಲ್ಲಲಿಲ್ಲ. ಒಂದರ ಹಿಂದೆ ಒಂದು, ನಡುವೆ ಎಚ್ಚರವೇ ಇಲ್ಲ, ಮಧ್ಯಾಹ್ನ ಜೀಪು ಸಿಕ್ಕಿ ಶಿವಮೊಗ್ಗ ಮುಟ್ಟುವವರೆಗೆ. ಒಂಬತ್ತು ದಿನ ಕಣ್ಣು ಬಿಡಲಿಲ್ಲ. ಗಂಡಿನ ಕಡೆಯವರು ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತು, "ಹಲ್ಲು ತೋರ್ಸಿ ರೋಗ ಮುಚ್ಚಿದ್ರಿ" ಎಂದು ಹೇಳಿ ಹೋದರಂತೆ. ಮಾತ್ರೆ ನಿಲ್ಲಿಸಿದ್ದರು ಎಂಬುದೂ ಸೇರಿ ಇದೆಲ್ಲ ತಿಪ್ಪೇಶಪ್ಪನವರಿಂದ ತಿಳಿಯಿತು.

ಅಂದಿನಿಂದ ಡಾಕ್ಟರು ನ್ಯಾಮತಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಗುರುವಾರ ಬಂದರೆ ಟ್ರಂಕು ತೆಗೆದು ಉಪಕರಣ ಒರೆಸಿ ಮತ್ತೆ ಮುಚ್ಚುತ್ತಾರೆ. "ನಾನೇ ಬಿಡಿಸಿ ಹೇಳಬೇಕಿತ್ತು, ಇಂದು. ಮಾತ್ರೆಯಿಂದ ಹಿಂಗಾಗೈತೆ ಅಂದ್ರೆ ಮಾತ್ರೆ ಬಿಟ್ಟುಬಿಡ್ತಾರೆ ಅನ್ನೋ ಭಯಕ್ಕೆ ಹೇಳಲಿಲ್ಲ. ಅವರು ಹೆಂಗೋ ತಾವೇ ಊಹೆ ಮಾಡಿಕೊಂಡ್ರು. ಡಿಸೆಂಬರಿನಾಗೆ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಬಸ್ ಹತ್ತಿದೆ" ಎನ್ನುತ್ತಾರೆ. ದಿನಕ್ಕೊಂದು ಸಲ ಇದನ್ನೇ, ಇದೇ ಮಾತುಗಳಲ್ಲಿ. ನಾನು ಅವರ ಬೆನ್ನು ಸವರುತ್ತೇನೆ.

ಮೊನ್ನೆ ಗುರುವಾರ, ಅವರು ಹೋಗದ ಗುರುವಾರ, ಗಾದ್ರಮ್ಮ ಮಗಳನ್ನು ಕರೆದುಕೊಂಡು ಇಲ್ಲಿಗೇ ಬಂದರು. ಬಿದ್ದಾಗ ಮುಂದಿನ ಹಲ್ಲಿನ ಮೂಲೆ ಮುರಿದಿತ್ತು. ಅದು ನಾಲಿಗೆಗೆ ಕೊಯ್ಯುತ್ತದೆ, ಹೇಳಲು ಅವಳಿಗೆ ಈಗ ಮಾತು ಬರುವುದಿಲ್ಲ, ಊಟ ಮಾಡುವಾಗ ರಕ್ತ ಬರುತ್ತದೆ. ಧರ್ಮಪ್ಪ ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದನಂತೆ, ಮನೆಯವರೆಗೆ ಬರಲಿಲ್ಲ.

ವನೂ, ಅವಳು ನಗುತ್ತಿದ್ದಳು. ಬಾಯಿಗೆ ಸೆರಗಿಲ್ಲ. ಬಾಗಿಲಿಗೆ, ಕ್ಯಾಲೆಂಡರಿಗೆ, ನನಗೆ, ಎಲ್ಲದಕ್ಕೂ ಒಂದೇ ನಗು. ತುಟಿಯ ತುದಿಯಲ್ಲಿ ಜೊಲ್ಲು, ತಾಯಿ ಒರೆಸುತ್ತಲೇ ಇದ್ದರು. ಬೆರಳುಗಳು ಸುಮ್ಮನಿರಲಿಲ್ಲ, ಸೀರೆಯ ಅಂಚು ಹಿಡಿದು ಗಂಟು ಹಾಕುತ್ತಿದ್ದವು. ಗಂಟು ಬೀಳುತ್ತಿರಲಿಲ್ಲ.

ಡಾಕ್ಟರು ಹಲ್ಲಿನ ಚೂಪು ಉಜ್ಜಿ ನಯ ಮಾಡಿದರು. ಆಮೇಲೆ ಅಭ್ಯಾಸದಿಂದ ಕಡ್ಡಿ ತೆಗೆದರು. ನಾನು ಚೀಟಿ ಹಿಡಿದೆ. ಎರಡು. ಎರಡು. ಎರಡು. ಎರಡು. ಬಾಯಿ ತುಂಬ ಎರಡು. ಇಷ್ಟು ಚೆಂದದ ವಸಡು ನಾನು ಈ ಊರುಗಳಲ್ಲಿ ನೋಡಿಲ್ಲ.

"ಈಗ ಮಾತ್ರೆ ಮತ್ತೆ ಶುರು ಮಾಡ್ಯಾರೆ. ಒಸಡು ಮತ್ತೆ ಬೆಳೀಬಹುದು, ತಾಯಿ" ಎಂದರು ಡಾಕ್ಟರು.

"ಬೆಳೀಲಿ ಬಿಡ್ರಿ. ಯಾರು ನೋಡಬೇಕಾಗೈತೆ."

ಅವರು ಕಡ್ಡಿಯನ್ನು ತಟ್ಟೆಯಲ್ಲಿಟ್ಟರು. "ಒಂದು ಮಾತು ಕೇಳ್ತೀನಿ. ಮಾತ್ರೆ ಬಿಡಾಕೆ ನಿಮಗೆ ಯಾರಾದ್ರೂ ಹೇಳಿದ್ರಾ?"

ಅದೇ ಹೊತ್ತಿಗೆ ನಮ್ಮತ್ತೆ ಒಳಗಿನಿಂದ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳಿನ ತಟ್ಟೆ ತಂದು, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಇದನ್ನಾದ್ರೂ ಬಾಯಿಗೆ ಹಾಕ್ಕೋ" ಎಂದು ನನ್ನ ಕೈಗಿಟ್ಟರು. ಗಾದ್ರಮ್ಮ ಆ ತಟ್ಟೆ ನೋಡಿದರು. ನನ್ನ ಹೊಟ್ಟೆ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿದರು.

"ಯಾರೂ ಹೇಳ್ಲಿಲ್ರಿ. ನಂದೇ ಬುದ್ಧಿ. ನಾನೇ ನಿಲ್ಲಿಸಿದೆ."

ಡಾಕ್ಟರು ತಲೆಯಾಡಿಸಿದರು. ಚೀಟಿ ಯಾವ ಖಾನೆಗೆ ಎಂದು ಕೇಳಿದೆ. ಆರೋಗ್ಯವಾದ ವಸಡಿಗೆ ನಮ್ಮ ಪೆಟ್ಟಿಗೆಯಲ್ಲಿ ಖಾನೆಯೇ ಇಲ್ಲ. ಅವರು ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿ, "ಐದನೇದ್ರಾಗೆ ಇಡು" ಎಂದರು.

ನಿನ್ನ ಮನೆಯವರನ್ನು ಕೇಳಿದೆ ಎಂದು ಹೇಳು. ನಿನ್ನ ಪುಟ್ಟನ ಕಿವಿಯ ನೋವು ವಾಸಿಯಾಯಿತೇ? ಯಾರ ಮಾತೂ ಕೇಳದೆ ಡಾಕ್ಟರಿಗೇ ತೋರಿಸು. ನೀವೆಲ್ಲ ಸುಖವಾಗಿರಿ, ನಿಮ್ಮ ಮನೆಯ ನಗು ನಗುವಾಗಿಯೇ ಇರಲಿ. ಇಲ್ಲಿಂದ ನಾನು ಬೇಡಿಕೊಳ್ಳುವುದು ಇಷ್ಟೇ.

ನಿನ್ನ,
ಇಂದು

ಮರೆತ ಮಾತು: ಮರೆತದ್ದಲ್ಲ, ವನೂ. ಮೇಲೆ ಬರೆಯಲು ಕೈ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಪುಸ್ತಕ ಓದಿ ಹೇಳಿದ್ದನ್ನು ನಿನಗೆ ಹೆಮ್ಮೆಯಿಂದ ಬರೆದಿದ್ದೆ. ಅದರ ಮುಂದಿನ ಪುಟವನ್ನು ಫೆಬ್ರವರಿಯಲ್ಲಿ ತಿರುಗಿಸಿದೆ. ಫಿಟ್ಸಿನ ಮಾತ್ರೆಯನ್ನು ಎಂದೂ ಒಮ್ಮೆಲೇ ನಿಲ್ಲಿಸಬಾರದು, ಕೊಟ್ಟ ವೈದ್ಯರನ್ನು ಕೇಳದೆ ಮುಟ್ಟಲೇಬಾರದು ಎಂದು ಮೊದಲ ಸಾಲಿನಲ್ಲೇ ಇದೆ. ಆದರೆ ನಾನು ಹೇಳಬೇಕಾದ ವಿಷಯ ಇದೂ ಅಲ್ಲ.

ಜನವರಿಯಲ್ಲಿ ನ್ಯಾಮತಿಯಿಂದ ಬಂತು ಎಂದೆನಲ್ಲ, ಆ ಜೋಡಿ ಕಾರ್ಡು ಧರ್ಮಪ್ಪನದು. ಡಾಕ್ಟರಿಗೆ ಬರೆದದ್ದು. ಪುಸ್ತಕದಲ್ಲಿ ಹೇಳಿದಂತೆ ಅಕ್ಟೋಬರಿನಿಂದ ಮಾತ್ರೆ ಅರ್ಧ ಮಾಡಿದ್ದೇವೆ, ಏನೂ ತೊಂದರೆಯಿಲ್ಲ, ಮದುವೆ ಹತ್ತಿರ ಬಂತು, ಗಂಡಿನ ಮನೆಗೆ ಮಾತ್ರೆ ಶೀಶೆ ಹೇಗೆ ಕಳಿಸುವುದು, ಪೂರ್ತಿ ನಿಲ್ಲಿಸಬಹುದೇ ಎಂದು ಕೇಳಿದ್ದ. ಆ ದಿನ ಡಾಕ್ಟರು ಒಬ್ಬರೇ ಹೊನ್ನಾಳಿಗೆ ಹೋಗಿದ್ದರು. ಸಂಜೆಗೆ ಬರುವವರಿದ್ದರು. ತೋರಿಸಿದರೆ ನಾನು ಪುಸ್ತಕ ಓದಿದ್ದು, ನಾಲ್ಕು ತಿಂಗಳು ಹೇಳದೇ ಇದ್ದದ್ದು, ಬಸ್ಸಿನಲ್ಲಿ ಸುಮ್ಮನೆ ಕೂತದ್ದು ಎಲ್ಲ ಹೊರಬೀಳುತ್ತಿತ್ತು. ಅವರು ನನ್ನ ಮೇಲೆ ಒಂದು ದಿನವೂ ಮುನಿದಿರಲಿಲ್ಲ. ಉತ್ತರದ ಕಾರ್ಡಿನಲ್ಲಿ ಬರೆದೆ: 'ತೊಂದರೆ ಇಲ್ಲದಿದ್ದರೆ ನಿಲ್ಲಿಸಬಹುದು. ಮದುಮಗಳಿಗೆ ಶುಭವಾಗಲಿ. ಡಾಕ್ಟರ ಪರವಾಗಿ.' ಅವನ ಪ್ರಶ್ನೆಯ ಕಾರ್ಡನ್ನು ಒಲೆಗೆ ಹಾಕಿದೆ.

ಗುರುವಾರ ತಾಯಿ, ಮಗಳು ಹೊರಟಾಗ ನಮ್ಮತ್ತೆ, ಕುಂಕುಮ ಕೊಟ್ಟು ಕಳಿಸು ಎಂದರು. ತಟ್ಟೆ ಹಿಡಿದು ಬಾಗಿಲಿಗೆ ಹೋದೆ. ಗಾದ್ರಮ್ಮ ಹಣೆಗಿಟ್ಟುಕೊಂಡು, ಮಗಳಿಗೂ ಇಟ್ಟು, ಸೊಂಟದ ಗಂಟಿನಿಂದ ಮಡಚಿದ ಕಾರ್ಡು, ನಾನು ಬರೆದ ಆ ಉತ್ತರವನ್ನು, ತೆಗೆದು ತಟ್ಟೆಯ ವೀಳ್ಯದೆಲೆಯ ಕೆಳಗೆ ಇಟ್ಟರು. "ಇದು ನಮ್ಮನ್ಯಾಗೆ ಇರೋದು ಬ್ಯಾಡ. ಇವಳಪ್ಪ ನಾಳೆ ಬಂದೋರಿಗೆಲ್ಲ ತೋರಸ್ತಾನೆ. ಒಡಲಾಗೆ ಕೂಸು ಇಟ್ಕೊಂಡು ನೀನು ಯಾರ ಬಾಯಿಗೂ ಬೀಳಬ್ಯಾಡ" ಎಂದು ನನ್ನ ತಲೆ ಮುಟ್ಟಿದರು. ಹುಲಿಗೆಮ್ಮ ನನ್ನನ್ನು ನೋಡಿ ನಗುತ್ತಿದ್ದಳು.

ಒಲೆ ಉರಿಯುತ್ತಿತ್ತು. ಎರಡು ಸಲ ಅದರ ಮುಂದೆ ಹೋಗಿ ಕೂತೆ. ಬಾಯಲ್ಲಿ ಹೇಳಲು ಮೂರು ದಿನದಿಂದ ಪ್ರಯತ್ನಿಸುತ್ತಿದ್ದೇನೆ. ಹತ್ತು ಮಾತಾಡುವವಳಿಗೆ ಒಂದು ಬರುತ್ತಿಲ್ಲ. ಕೊನೆಗೆ ಇವತ್ತು ಬೆಳಿಗ್ಗೆ ಆ ಕಾರ್ಡನ್ನು ಐದನೆಯ ಖಾನೆಯಲ್ಲಿ, ಹುಲಿಗೆಮ್ಮನ ಚೀಟಿಯ ಕೆಳಗೆ ಇಟ್ಟೆ. ಅಕ್ಷರ ನನ್ನದು ಎಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ.

ಇದೇ ಇಪ್ಪತ್ತಾರಕ್ಕೆ ಅವರು ಜಗಳೂರಿಗೆ ಬರುತ್ತಾರೆ. ಆಗ ಅವರಿಗೆ ಇನ್ನೂ ಗೊತ್ತಿರುವುದಿಲ್ಲ. ನೀನು ಏನೂ ಹೇಳಬೇಡ, ಊಟ ಹಾಕಿ ಕಳಿಸು. ಆ ಖಾನೆಯನ್ನು ಅವರು ಸುರಿದುಕೊಳ್ಳುವುದು ಮೂವತ್ತರಂದು.